ಮೂಲದಿಂದ ಕಟ್ಟಿದ ದನಿ

ನಾನು ನಿವೃತ್ತಳಾಗಿ ಮೂರ್ನಾಡಿನ ಮನೆಯಲ್ಲಿ ಕೂತ ಮೇಲೆ, ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನನ್ನ ಜಾಗಕ್ಕೆ ಬಂದ ಹುಡುಗಿ ಒಂದು ಬೆಳಿಗ್ಗೆ ಫೋನ್ ಮಾಡಿದಳು.

“ಮೇಡಂ, ಎಲ್ಲ ಸಾಫ್ಟ್‌ವೇರೂ ಈಗ ರೆಡಿಯಾಗಿಯೇ ಸಿಗ್ತದಲ್ಲ. ಒಂದು ಬಟನ್ ಒತ್ತಿದ್ರೆ ಇನ್‌ಸ್ಟಾಲ್ ಆಗ್ತದೆ. ಮತ್ತೆ ಈ ಮೂಲದಿಂದ ಕಂಪೈಲ್ ಮಾಡೋ ಪಾಠ ಯಾಕೆ ಅಂತ ಮಕ್ಕಳು ಕೇಳ್ತಾರೆ. ನಾನೆಂತ ಹೇಳ್ಲಿ?”

ಹೇಳಲು ಶುರು ಮಾಡಿದೆ. ಅಷ್ಟರಲ್ಲಿ ಅಲ್ಲಿ ಗಂಟೆ ಹೊಡೆಯಿತು, ಅವಳು ಕ್ಲಾಸಿಗೆ ಓಡಿದಳು. ಹಾಗಾಗಿ ಬರೆಯುತ್ತಿದ್ದೇನೆ, ಅವಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದೆಲ್ಲ ಇದರಲ್ಲಿಲ್ಲ. ಅದು ಆಫೀಸಿನ ಕಡತದಲ್ಲಿದೆ, ಅಲ್ಲೇ ಇರಲಿ.

ನಮ್ಮದು ಸಂಪಾಜೆ ಕಡೆಯ ಅರೆಭಾಷೆ ಗೌಡರ ಮನೆ. ಮಡಿಕೇರಿಯ ಒಂದು ಕಾಲೇಜಿನಲ್ಲಿ ನನಗೆ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸ ಸಿಕ್ಕಿದಾಗ ಫ್ಲಾಪಿ ಡಿಸ್ಕಿನ ಕಾಲ. ಮಳೆಗಾಲ ಬಂತೆಂದರೆ ಫ್ಲಾಪಿಗೆ ಬೂಷ್ಟು ಹಿಡಿಯುತ್ತಿತ್ತು. ಅವನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಜೋಡಿಸಿ, ಒಳಗೆ ಬಲ್ಬು ಉರಿಸಿ ಬೆಚ್ಚಗೆ ಇಡುವುದೇ ನನಗೆ ಕೊಟ್ಟ ಮೊದಲ ಕೆಲಸ. ಕೋಳಿಮರಿ ಸಾಕುವವರ ಹಾಗೆ ದಿನಾ ಮುಚ್ಚಳ ತೆಗೆದು ನೋಡುತ್ತಿದ್ದೆ.

ವಿಭಾಗದ ಮುಖ್ಯಸ್ಥರು ಪೂವಯ್ಯ ಸರ್. ಅಮ್ಮತ್ತಿ ಹತ್ತಿರದ ಕೊಡವರು. ದೊಡ್ಡ ಮೀಸೆ, ಸಣ್ಣ ಸ್ವರ. ಬೈಯುವಾಗಲೂ ಆ ಸ್ವರ ಏರುತ್ತಿರಲಿಲ್ಲ, ನಮಗೆ ಅದೇ ಹೆಚ್ಚು ಹೆದರಿಕೆ. ಒಂದು ಮಧ್ಯಾಹ್ನ ನನ್ನನ್ನು ಕರೆದು ಕೈಯಲ್ಲಿ ಒಂದು ಸಿ.ಡಿ. ಇಟ್ಟರು.

“ಇದರಲ್ಲಿ ಪುಕ್ಕಟೆ ಕಂಪೈಲರ್ ಉಂಟು ದಮಯಂತಿ. ನೀನು ಕಲ್ತು ನಂಗೂ ಕಲಿಸು.”

“ಪುಕ್ಕಟೆಯದ್ದು ಚೆನ್ನಾಗಿರ್ತದಾ ಸರ್?”

“ಕಾಡಲ್ಲಿ ಬೀಸೋ ಗಾಳಿ ಪುಕ್ಕಟೆ ಅಲ್ವಾ? ಎಂತ ಕಮ್ಮಿ ಆಗಿದೆ ಅದಕ್ಕೆ?”

ಕಂಪೈಲರ್ ಎಂದರೆ ಏನೆಂದು ಮಕ್ಕಳಿಗೆ ಅವರು ಹೇಳುತ್ತಿದ್ದ ರೀತಿ ನನಗೆ ಈಗಲೂ ನೆನಪಿದೆ. “ಕಾಫಿ ಹಣ್ಣು ಕುಯ್ದು ತಂದು ಲೋಟಕ್ಕೆ ಹಾಕಿ ಕುಡಿ ಅಂದ್ರೆ ಕುಡಿಯೋಕಾಗ್ತದಾ? ಪಲ್ಪ್ ಮಾಡಿ ಸಿಪ್ಪೆ ತೆಗೀಬೇಕು, ಒಣಗಿಸ್ಬೇಕು, ಹುರೀಬೇಕು, ಪುಡಿ ಮಾಡ್ಬೇಕು. ಮನುಷ್ಯ ಬರೆದ ಪ್ರೋಗ್ರಾಮು ಹಣ್ಣು. ಮೆಷೀನಿಗೆ ಬೇಕಾದ್ದು ಪುಡಿ. ನಡುವಿನ ಕೆಲಸ ಎಲ್ಲ ಕಂಪೈಲರಿಂದು.” ಹೆಚ್ಚಿನ ಕಂಪನಿಗಳು ನಮಗೆ ಪುಡಿಯನ್ನಷ್ಟೇ ಕೊಡುತ್ತವೆ. ಓಪನ್ ಸೋರ್ಸ್‌ನವರು ಹಣ್ಣನ್ನೂ, ಅಂದರೆ ಮನುಷ್ಯ ಬರೆದ ಮೂಲವನ್ನೂ, ಕೊಡುತ್ತಾರೆ. ಹುರಿಯುವ ಹದವನ್ನು ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ತೊಂದರೆ ಏನೆಂದರೆ ಅಂಥ ಪ್ರೋಗ್ರಾಮುಗಳನ್ನು ಬರೆದವರಲ್ಲಿ ಬಹಳ ಮಂದಿಯ ಹತ್ತಿರ ಇದ್ದದ್ದು ಬೇರೆ ಬಗೆಯ ಆಪರೇಟಿಂಗ್ ಸಿಸ್ಟಂ. ನಮ್ಮ ಲ್ಯಾಬಿನಲ್ಲಿ ಇದ್ದದ್ದೆಲ್ಲ ವಿಂಡೋಸ್. ಜಿಸಿಸಿ ಎಂಬ ಪುಕ್ಕಟೆ ಕಂಪೈಲರನ್ನು ವಿಂಡೋಸಿಗೆ ಒಗ್ಗಿಸಿದ ಒಂದು ಸಲಕರಣೆ ಆ ಸಿ.ಡಿ.ಯಲ್ಲಿತ್ತು. ನನ್ನ ಕೆಲಸದ ಬದುಕು ಮುಕ್ಕಾಲು ಭಾಗ ಅದರ ಜೊತೆಗೇ ಕಳೆಯಿತು.

ಮೊದಮೊದಲು ಬಿದ್ದ ಏಟುಗಳು ಒಂದೆರಡಲ್ಲ. ಫೋಲ್ಡರಿನ ಹೆಸರಿನಲ್ಲಿ ಎರಡು ಪದಗಳ ನಡುವೆ ಜಾಗ ಬಿಟ್ಟಿದ್ದಕ್ಕೆ ವಾರವಿಡೀ ಒದ್ದಾಡಿದ್ದೇನೆ. ಆ ಸಲಕರಣೆ ಒಂದು ಹೆಸರನ್ನು ಎರಡಾಗಿ ಓದಿಕೊಂಡು ಇಲ್ಲದ ಫೋಲ್ಡರನ್ನು ಹುಡುಕುತ್ತಿತ್ತು. ನಾನು ಕಷ್ಟಪಟ್ಟು ಕಟ್ಟಿದ ಪ್ರೋಗ್ರಾಮನ್ನು ವೈರಸ್ ಕಾವಲುಗಾರ ಕಳ್ಳನೆಂದು ತಿಳಿದು ನುಂಗಿದ್ದೂ ಉಂಟು. ತೆರೆಯ ತುಂಬ ದೋಷಗಳ ಸಾಲು ಸುರಿದಾಗ ನಾನು ಕೆಳಗಿನಿಂದ ಓದಲು ಹೋಗುತ್ತಿದ್ದೆ. ಪೂವಯ್ಯ ಸರ್ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. “ಮೇಲಿಂದ ಓದು. ಮೊದಲನೇದು ತಾಯಿ. ಉಳಿದದ್ದೆಲ್ಲ ಅದರ ಮರಿಗಳು. ತಾಯಿ ಹೋದ್ರೆ ಅವೂ ಹೋಗ್ತವೆ.” ಈ ಮಾತನ್ನು ನಾನು ಎಷ್ಟು ಮಕ್ಕಳಿಗೆ ದಾಟಿಸಿದ್ದೇನೋ ಲೆಕ್ಕವಿಲ್ಲ. ನೀವೂ ಇಟ್ಟುಕೊಳ್ಳಿ.

ಅವರದು ಇನ್ನೊಂದು ಕಟ್ಟುನಿಟ್ಟು ಇತ್ತು. ಏನನ್ನು ಕಟ್ಟಿದರೂ ಆಫೀಸಿನ ಟೈಪಿಸ್ಟರ ಕಂಪ್ಯೂಟರಿಗೆ ಹಾಕಿ ಓಡಿಸಿ ತೋರಿಸಬೇಕು. ಅದರಲ್ಲಿ ಪತ್ರ ಟೈಪ್ ಮಾಡುವ ಪ್ರೋಗ್ರಾಮು ಬಿಟ್ಟರೆ ಬೇರೇನೂ ಇರಲಿಲ್ಲ. “ನಿನ್ನ ಮೆಷೀನಲ್ಲಿ ಓಡಿದ್ರೆ ಓಡಿದ ಹಾಗಲ್ಲ. ಏನೂ ಇಲ್ಲದವರ ಮನೇಲಿ ಓಡ್ಬೇಕು,” ಎನ್ನುತ್ತಿದ್ದರು.

ಇಷ್ಟು ಹೇಳಿದ್ದು ಜಯಲಕ್ಷ್ಮಿಯ ವಿಷಯಕ್ಕೆ ಬರಲಿಕ್ಕೆ.

ಜಯಲಕ್ಷ್ಮಿ ನಮ್ಮ ಕಾಲೇಜಿನ ಕನ್ನಡ ಅಧ್ಯಾಪಕಿ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳ ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡ ಕುಟುಂಬ. ಏನು ಕಂಠ ಅವಳದು! ಮೈಕು ಬೇಕಿರಲಿಲ್ಲ. ಅವಳು ಮೇಲಿನ ಮಹಡಿಯಲ್ಲಿ ಹಾಜರಿ ಕೂಗಿದರೆ ಕೆಳಗೆ ನನ್ನ ಲ್ಯಾಬಿನಲ್ಲಿ ಕೂತ ಮಕ್ಕಳು ತಮಾಷೆಗೆ “ಪ್ರೆಸೆಂಟ್ ಮೇಡಂ” ಎನ್ನುತ್ತಿದ್ದರು.

ಒಂದು ವರ್ಷ ಆ ಕಂಠ ಒಡೆಯತೊಡಗಿತು. ನೆಗಡಿ ಎಂದುಕೊಂಡಳು. ಕಷಾಯ ಕುಡಿದಳು. ಕೊನೆಗೆ ಮೈಸೂರಿನ ಆಸ್ಪತ್ರೆಯಲ್ಲಿ ಗಂಟಲಿನೊಳಗೆ ಗಡ್ಡೆ ಇದೆ ಎಂದು ಗೊತ್ತಾಯಿತು. ಸ್ವರ ಹೊರಡುವ ಭಾಗವನ್ನೇ ತೆಗೆದರು. ಜೀವ ಉಳಿಯಿತು. ಕುತ್ತಿಗೆಯ ಕೆಳಗೆ ಉಸಿರಾಡಲು ಒಂದು ಸಣ್ಣ ದ್ವಾರ, ಅದರ ಮೇಲೆ ಹತ್ತಿಯ ಬಟ್ಟೆ. ಕುತ್ತಿಗೆಗೆ ಹಿಡಿದು ಮಾತಾಡುವ ಒಂದು ಯಂತ್ರವನ್ನೂ ಕೊಟ್ಟು ನೋಡಿದರು. ವಿಕಿರಣದ ಚಿಕಿತ್ಸೆಯಿಂದ ಅವಳ ಕುತ್ತಿಗೆ ಗಟ್ಟಿಯಾಗಿತ್ತು, ಅದರಿಂದ ಗುಂಯ್ ಎಂಬ ಶಬ್ದ ಬಿಟ್ಟು ಮಾತು ಹೊರಡಲಿಲ್ಲ.

ರಜೆ ಮುಗಿಸಿ ಅವಳು ಬಂದಾಗ ಕೈಯಲ್ಲಿ ಪುಟ್ಟ ಮಕ್ಕಳ ಪ್ಲಾಸ್ಟಿಕ್ ಸ್ಲೇಟು ಇತ್ತು. ಏನು ಹೇಳಬೇಕೋ ಅದರಲ್ಲಿ ಬರೆದು ತೋರಿಸುವುದು, ಅಳಿಸುವುದು, ಮತ್ತೆ ಬರೆಯುವುದು. ಪ್ರಿನ್ಸಿಪಾಲರು ಒಳ್ಳೆಯವರೇ. “ಲೈಬ್ರರಿ ನೋಡಿಕೊಳ್ಳಿ ಮೇಡಂ, ಆರಾಮಾಗಿರ್ತೀರಿ,” ಎಂದರು. ಅವಳು ಹೂಂ ಎಂಬಂತೆ ತಲೆಯಾಡಿಸಿದಳು.

ಸಂಜೆ ನನ್ನ ಲ್ಯಾಬಿಗೆ ಬಂದು ಬೆಂಚಿನ ಮೇಲೆ ಕೂತಳು. ಸ್ಲೇಟಿನಲ್ಲಿ ಬರೆದಳು: “ಎಲ್ಲರಿಗೂ ಬರೆದು ತೋರಿಸಬಹುದು ಅಕ್ಕ. ಅವ್ವನಿಗೆ ಓದಲು ಬರುವುದಿಲ್ಲ.”

ಅವಳ ಅವ್ವ ನಿಂಗಮ್ಮ, ಊರಿನಲ್ಲಿ ಮಗ ಶಿವಣ್ಣನ ಸಂಸಾರದ ಜೊತೆ ಇದ್ದರು. ದಿನಾ ಸಂಜೆ ತಾಯಿಮಗಳು ಫೋನಿನಲ್ಲಿ ಮಾತಾಡುವುದು ಎಷ್ಟೋ ವರ್ಷದ ರೂಢಿ. ಈಗ ಶಿವಣ್ಣ ಫೋನನ್ನು ಅವ್ವನ ಕಿವಿಗೆ ಹಿಡಿಯುತ್ತಾನೆ, ಅವ್ವ ಮಾತಾಡುತ್ತಾರೆ, ಇವಳು ಇತ್ತ ಉಗುರಿನಿಂದ ಫೋನಿನ ಬೆನ್ನಿಗೆ ತಟ್ಟುತ್ತಾಳೆ. ಒಂದು ಸಲ ತಟ್ಟಿದರೆ ಹೂಂ, ಎರಡು ಸಲ ತಟ್ಟಿದರೆ ಊಹೂಂ. ಅವ್ವ ಪ್ರತಿಸಲವೂ ಕೊನೆಗೆ, “ಒಂದ್ ಮಾತಾಡೇ ಮಗಾ, ಒಂದೇ ಒಂದು,” ಎಂದು ಅಳುತ್ತಾರೆ. ಇವಳಿಗೆ ಅದಕ್ಕೆ ಏನು ತಟ್ಟಬೇಕೆಂದು ತಿಳಿಯುವುದಿಲ್ಲ.

ಬರೆದದ್ದನ್ನು ಓದಿ ಹೇಳುವ ಪ್ರೋಗ್ರಾಮುಗಳಿವೆ ಎಂದು ನನಗೆ ಗೊತ್ತಿತ್ತು. ಹುಡುಕಿದೆ. ಓಪನ್ ಸೋರ್ಸ್‌ನದು ಒಂದು ಸಿಕ್ಕಿತು. ವಿಂಡೋಸಿಗೆ ರೆಡಿಯಾಗಿ ಸಿಗುತ್ತಿದ್ದದ್ದು ಹಳೆಯ ಆವೃತ್ತಿ, ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಕನ್ನಡವನ್ನು ಆಮೇಲೆ ಯಾರೋ ಸೇರಿಸಿದ್ದರು, ಅದು ಮೂಲದಲ್ಲಿ ಮಾತ್ರ ಇತ್ತು. ಅಂದರೆ ಹಣ್ಣು ಇದೆ, ಪುಡಿ ಮಾಡಿಟ್ಟವರಿಲ್ಲ.

ಪೂವಯ್ಯ ಸರ್ ಆಗ ನಿವೃತ್ತಿಯ ಅಂಚಿನಲ್ಲಿದ್ದರು. ಹೋಗಿ ಹೇಳಿದೆ. “ಲ್ಯಾಬ್ ಮುಗಿದ ಮೇಲೆ ಮೂಲೆ ಮೆಷೀನು ನಿಂದು,” ಎಂದರು. “ಯಾರು ಕೇಳಿದ್ರೂ ನಾನು ಹೇಳಿದ್ದು ಅಂತ ಹೇಳು.”

ಕಟ್ಟಲು ಹಲವು ಸಂಜೆಗಳು ಹಿಡಿದವು. ಜಯಲಕ್ಷ್ಮಿ ಲೈಬ್ರರಿ ಬೀಗ ಹಾಕಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ತೆರೆಯ ಮೇಲೆ ಸಾಲುಗಳು ಓಡುವುದನ್ನು ಮಗು ಮಳೆ ನೋಡುವ ಹಾಗೆ ನೋಡುತ್ತಿದ್ದಳು. ಬೇಕಾದ ಒಂದು ಫೈಲು ಇಲ್ಲ ಎಂದು ನಿಲ್ಲುತ್ತಿತ್ತು. ಅದನ್ನು ತಂದರೆ ಇನ್ನೊಂದು ಇಲ್ಲ ಎನ್ನುತ್ತಿತ್ತು. ಕೊನೆಗೊಂದು ಸಂಜೆ ಒಂದೂ ದೋಷವಿಲ್ಲದೆ ಮುಗಿಯಿತು.

“ಏನು ಹೇಳಿಸೋಣ?” ಎಂದೆ. ಅವಳು ಸ್ಲೇಟು ತೆಗೆದು ಒಂದೇ ಪದ ಬರೆದಳು: ಅವ್ವ.

ಆ ಪದವನ್ನು ಕಮಾಂಡ್ ಲೈನಿನಲ್ಲಿ, ಅಂದರೆ ಆಜ್ಞೆಯ ಸಾಲಿನಲ್ಲಿ, ಟೈಪ್ ಮಾಡಿ ಗುಂಡಿ ಒತ್ತಿದೆ. ಸ್ಪೀಕರಿನಿಂದ ಗಂಡು ದನಿಯೊಂದು ಇಂಗ್ಲಿಷಿನಲ್ಲಿ, “ಕ್ವೆಶ್ಚನ್ ಮಾರ್ಕ್, ಕ್ವೆಶ್ಚನ್ ಮಾರ್ಕ್, ಕ್ವೆಶ್ಚನ್ ಮಾರ್ಕ್,” ಎಂದಿತು.

ನನಗೆ ಅಳು ಬರುವುದೊಂದು ಬಾಕಿ. ಪಕ್ಕಕ್ಕೆ ತಿರುಗಿದರೆ ಜಯಲಕ್ಷ್ಮಿಯ ಹೆಗಲು ಕುಣಿಯುತ್ತಿದೆ. ಶಬ್ದವಿಲ್ಲದೆ, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಾಳೆ. ಆಪರೇಷನ್ ಆದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಿಷಯ ಇಷ್ಟೇ: ವಿಂಡೋಸಿನ ಆ ಆಜ್ಞೆಯ ಸಾಲು ಅಕ್ಷರಗಳನ್ನು ದಾಟಿಸುವಾಗ ತನಗೆ ತಿಳಿಯದ ಲಿಪಿಯನ್ನೆಲ್ಲ ಪ್ರಶ್ನಾರ್ಥಕ ಚಿಹ್ನೆ ಮಾಡಿಬಿಡುತ್ತದೆ. ಪ್ರೋಗ್ರಾಮಿಗೆ ಕನ್ನಡ ತಲುಪಿಯೇ ಇರಲಿಲ್ಲ. ಆ ಬಾಗಿಲು ಬಿಟ್ಟು ಬೇರೆ ಬಾಗಿಲಿನಿಂದ ಕಳಿಸಿದೆ; ಪದವನ್ನು ಒಂದು ಫೈಲಿನಲ್ಲಿ ಬರೆದು ಅದನ್ನು ಓದು ಎಂದೆ. ಈ ಸಲ ಕನ್ನಡ ಬಂತು. ಆದರೆ ಬಂದದ್ದು “ಅವ್ವ್”.

ಜಯಲಕ್ಷ್ಮಿ ಬರೆದಳು: “ಬಾಲ ಕತ್ತರಿಸಿದೆ.”

ಹೌದು. “ಮರ” ಎಂದು ಕೊಟ್ಟರೆ “ಮರ್”, “ಮನೆಯ ಹತ್ತಿರ” ಎಂದರೆ “ಮನೆಯ್ ಹತ್ತಿರ್”. ಕನ್ನಡವನ್ನು ಮೊದಲು ಸೇರಿಸಿದವರು ಉತ್ತರದ ಒಂದು ಭಾಷೆಯ ನಿಯಮಗಳನ್ನು ಮಾದರಿಯಾಗಿ ಇಟ್ಟುಕೊಂಡಿದ್ದರು. ಅಲ್ಲಿ ಪದದ ಕೊನೆಯ ಅಕಾರವನ್ನು ನುಂಗುವುದು ಸರಿ. ನಮ್ಮಲ್ಲಿ ನುಂಗಿದರೆ ಮಾತು ಕುಂಟುತ್ತದೆ. ಉಚ್ಚಾರದ ನಿಯಮಗಳಿದ್ದ ಫೈಲನ್ನು ತೆರೆದು ಇಬ್ಬರೂ ಕೂತೆವು. ನನಗೆ ಕಂಪೈಲರ್ ಗೊತ್ತು, ಅವಳಿಗೆ ವ್ಯಾಕರಣ ಗೊತ್ತು. ಒಬ್ಬರೇ ಆಗಿದ್ದರೆ ಆ ಕೆಲಸ ಆಗುತ್ತಿರಲಿಲ್ಲ. ನುಂಗುವ ನಿಯಮ ಸಿಕ್ಕಿತು, ತೆಗೆದೆವು, ಮತ್ತೆ ಕಟ್ಟಿದೆವು.

“ಅವ್ವ,” ಎಂದಿತು ಯಂತ್ರ. ಪೂರ್ತಿಯಾಗಿ.

ಅವಳು ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡಳು. ಮತ್ತೊಮ್ಮೆ ಎಂದು ಕೈಸನ್ನೆ ಮಾಡಿದಳು. ನಾನು ಗುಂಡಿ ಒತ್ತುತ್ತಲೇ ಇದ್ದೆ, ಅದು ಅವ್ವ, ಅವ್ವ, ಅವ್ವ ಎನ್ನುತ್ತಲೇ ಇತ್ತು. ಜಗಲಿಯಲ್ಲಿ ಹೋಗುತ್ತಿದ್ದ ಪ್ರಿನ್ಸಿಪಾಲರು ಒಳಗೆ ಇಣುಕಿದರು.

“ಯಾರಮ್ಮ ಇದು, ಲ್ಯಾಬಲ್ಲಿ ಅವ್ವ ಅವ್ವ ಅಂತಿರೋದು?”

ಜಯಲಕ್ಷ್ಮಿ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು ಟೈಪ್ ಮಾಡಿದಳು. ಯಂತ್ರ ಹೇಳಿತು: “ನಾನು ಸರ್. ಜಯಲಕ್ಷ್ಮಿ. ನನ್ನ ಕ್ಲಾಸು ನನಗೆ ಕೊಡಿ.”

ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತರು. ಮೆಲ್ಲಗೆ, “ಮಕ್ಕಳು ನಗ್ತಾರೆ ಮೇಡಂ,” ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಅವಳಿಗೆ ನೋವಾಗಬಾರದೆಂಬ ಅಂಜಿಕೆ ಇತ್ತು.

ಯಂತ್ರ ಹೇಳಿತು: “ನಗಲಿ ಸರ್. ಮೊದಲೂ ನಗುತ್ತಿದ್ದರು.”

ಅವರು ಕನ್ನಡಕ ತೆಗೆದು ಒರೆಸಿಕೊಂಡು, “ನೋಡೋಣ,” ಎಂದು ಹೋದರು.

ಕ್ಲಾಸಿಗಿಂತ ಮೊದಲು ಅವ್ವ. ಅವಳ ಲ್ಯಾಪ್‌ಟಾಪಿಗೆ ಪ್ರೋಗ್ರಾಮು ಹಾಕಿಕೊಟ್ಟೆ. ಅದಕ್ಕೂ ಮೊದಲೇ ಗಂಡು ದನಿಯನ್ನು ಸ್ವಲ್ಪ ಏರಿಸಿ ಹೆಣ್ಣು ದನಿಗೆ ಹತ್ತಿರ ತಂದಿದ್ದೆ. ಮನೆಯ ನನ್ನ ಕಂಪ್ಯೂಟರಿನಲ್ಲಿ ಅದನ್ನು ಪರೀಕ್ಷೆ ಮಾಡುವಾಗ ನನ್ನ ಗಂಡ ಅಡಿಗೆಮನೆಯಿಂದ ಓಡಿ ಬಂದು, “ಇದೆಂತ ಉಟ್ಟು ದಮಯಂತಿ, ಕಂಪ್ಯೂಟರ್‌ಗೆ ದೆವ್ವ ಹಿಡ್ದುಟಾ?” ಎಂದು ನಮ್ಮ ಅರೆಭಾಷೆಯಲ್ಲಿ ಕೇಳಿದ್ದರು. ದೆವ್ವವೋ ದೇವರೋ, ಮಾತಾಡುತ್ತಿತ್ತಲ್ಲ.

ಭಾನುವಾರ ಅವಳು ಊರಿಗೆ ಹೋದಳು. ಮಧ್ಯಾಹ್ನ ಶಿವಣ್ಣನ ಫೋನ್.

“ಅಕ್ಕಾ, ಅದೇನೋ ಡಿಎಲ್ಎಲ್ ಇಲ್ಲಾಂತ ಬತ್ತೈತೆ. ಮಾತೇ ಆಡ್ತಿಲ್ಲ. ಮನೆಮಂದಿಯೆಲ್ಲಾ ಸುತ್ತ ಕುಂತಿದ್ವಿ. ಅವ್ವ ಬೇಜಾರಾಗಿ ಎದ್ದೋದ್ರು. ಜಯಿ ಸುಮ್ಕೆ ಕುಂತವಳೆ.”

ಕೇಳಿದ ಕೂಡಲೇ ನನ್ನ ತಪ್ಪು ಗೊತ್ತಾಯಿತು. ನಾನು ಕಟ್ಟಿದ ಪ್ರೋಗ್ರಾಮು ಕಂಪೈಲರಿನ ಜೊತೆಗೆ ಬರುವ ಡಿಎಲ್ಎಲ್ ಎಂಬ ಕೆಲವು ಸಹಾಯಕ ಫೈಲುಗಳನ್ನು ನೆಚ್ಚಿಕೊಂಡಿತ್ತು. ನನ್ನ ಮೆಷೀನಿನಲ್ಲಿ ಕಂಪೈಲರ್ ಇದೆ, ಆ ಫೈಲುಗಳೂ ಇವೆ. ಅವಳ ಲ್ಯಾಪ್‌ಟಾಪಿನಲ್ಲಿ ಎಲ್ಲಿಂದ ಬರಬೇಕು? ಹಾಕಿಕೊಟ್ಟ ಸಂಭ್ರಮದಲ್ಲಿ ಅದರಲ್ಲಿ ಒಮ್ಮೆ ಓಡಿಸಿಯೂ ನೋಡಿರಲಿಲ್ಲ, ಟೈಪಿಸ್ಟರ ಕಂಪ್ಯೂಟರಿಗೂ ಒಯ್ದಿರಲಿಲ್ಲ.

ಸೋಮವಾರ ಪೂವಯ್ಯ ಸರ್ ಎದುರು ನಿಂತೆ. ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. “ಆ ಅಜ್ಜಿ ಎದ್ದು ಹೋದರಲ್ಲ ದಮಯಂತಿ,” ಎಂದರು ಅಷ್ಟೆ. ಆಮೇಲೆ ತಾವೇ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತು, ಬೇಕಾದ ಫೈಲುಗಳನ್ನೆಲ್ಲ ಪ್ರೋಗ್ರಾಮಿನ ಒಳಗೇ ಸೇರಿಸಿ ಕಟ್ಟುವ ಆಯ್ಕೆಯನ್ನು ತೋರಿಸಿದರು. ‘ಸ್ಟ್ಯಾಟಿಕ್’ ಎಂಬ ಒಂದೇ ಪದ. ಅದನ್ನು ಸೇರಿಸಿ ಮತ್ತೆ ಕಟ್ಟಿದೆ. ಟೈಪಿಸ್ಟರ ಕಂಪ್ಯೂಟರಿನಲ್ಲಿ ಅದು “ನಮಸ್ಕಾರ” ಎಂದಾಗ ಟೈಪಿಸ್ಟ್ ಬೆಚ್ಚಿ, “ನಮಸ್ಕಾರ” ಎಂದು ಎದ್ದು ನಿಂತರು.

ಮುಂದಿನ ಭಾನುವಾರ ನಾನೂ ಜೊತೆಗೆ ಹೋದೆ. ನಿಂಗಮ್ಮ ನಡುಮನೆಯ ಚಾಪೆಯ ಮೇಲೆ ಕಾಲು ನೀಡಿ ಕೂತಿದ್ದರು. ನನ್ನನ್ನು ಆದರಿಸಿದರು, ಲ್ಯಾಪ್‌ಟಾಪಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಹೋದ ವಾರದ ನಿರಾಸೆ ಇನ್ನೂ ಮುಖದ ಮೇಲಿತ್ತು.

ಜಯಲಕ್ಷ್ಮಿ ತಾಯಿಯ ಎದುರು ಕೂತಳು. ಯಂತ್ರ ತಪ್ಪದೆ ಹೇಳಲಿ ಎಂದೋ ಏನೋ, ಪುಸ್ತಕದ ಕನ್ನಡದಲ್ಲಿ ಟೈಪ್ ಮಾಡಿದಳು. “ಅವ್ವ, ನಿನ್ನ ಆರೋಗ್ಯ ಹೇಗಿದೆ? ಊಟ ಆಯಿತೇ?”

ನಿಂಗಮ್ಮ ಮಗನ ಮುಖ ನೋಡಿದರು. “ಯಾರೋ ಇದು? ಕಂಪ್ನಿಯೋರಾ?”

“ಜಯಿ ಕಣವ್ವ. ಅವಳು ಬರೆದದ್ದನ್ನ ಅದು ಹೇಳ್ತೈತೆ.”

“ಹೋಗೋ. ನಮ್ ಜಯಿ ಹಿಂಗ್ ಮಾತಾಡ್ತಾಳಾ? ರೇಡಿಯೋದಲ್ಲಿ ವಾರ್ತೆ ಹೇಳ್ದಂಗೈತೆ.”

ಜಯಲಕ್ಷ್ಮಿಯ ಬೆರಳುಗಳು ನಿಂತವು. ನನಗೆ ಗಾಬರಿ. ಕಟ್ಟಿದ್ದೆಲ್ಲ ಸರಿಯಾಗಿದೆ, ಒಂದು ಅಕ್ಷರವೂ ಬಿದ್ದಿಲ್ಲ, ಆದರೂ ಆ ತಾಯಿಗೆ ಮಗಳು ಸಿಗುತ್ತಿಲ್ಲ. ಇನ್ನು ನಾನು ಬದಲಾಯಿಸಬಹುದಾದ ಸಾಲು ಯಾವುದೂ ಉಳಿದಿರಲಿಲ್ಲ.

ಅವಳು ಅವ್ವನ ಕಾಲು ನೋಡಿದಳು. ಊದಿದ ಮಂಡಿ. ಮತ್ತೆ ಟೈಪ್ ಮಾಡಿದಳು, ಈ ಸಲ ಬೇಗ ಬೇಗ. ಯಂತ್ರ ಒಂದೇ ಏರಿಳಿತದಲ್ಲಿ, ಒತ್ತುಗಳಲ್ಲಿ ತುಸು ಎಡವುತ್ತ ಹೇಳಿತು: “ಮಂಡಿಗೆ ಎಣ್ಣೆ ಹಚ್ಕಂಡ್ಯಾ ಇಲ್ವಾ? ಸುಳ್ ಹೇಳ್ಬ್ಯಾಡ.”

ನಿಂಗಮ್ಮನ ಕೈ ತಾನಾಗಿ ಮಂಡಿಗೆ ಹೋಯಿತು. “ಹಚ್ಕಂಡೆ,” ಎಂದರು.

“ಸುಳ್ಳು,” ಎಂದಿತು ಯಂತ್ರ.

“ಬೆಳಿಗ್ಗೆ ಹಚ್ಕಂಡಿದ್ದೆ ಕಣೇ!”

“ವಾಸ್ನೆಯೇ ಇಲ್ಲ. ಸೀಸೆ ಎಲ್ಲಿ ತಾ.”

ನಿಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಒಂದು ಕ್ಷಣ ತಿಳಿಯಲಿಲ್ಲ, ಎರಡೂ ಆಗಿತ್ತು. “ಇವ್ಳೇ ಕಣೋ ಶಿವಾ,” ಎಂದರು. “ಗಂಟ್ಲು ಬೇರೆ, ಬಾಯಿ ಅದೇ.”

ಜಯಲಕ್ಷ್ಮಿ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು ಅವ್ವನ ಮಡಿಲಿಗೆ ತಲೆ ಇಟ್ಟಳು. ನಾನು ಎದ್ದು ಹಿತ್ತಲಿಗೆ ಹೋಗಿ ಸೀಮೆಬದನೆಯ ಚಪ್ಪರ ನೋಡುತ್ತ ನಿಂತೆ. ಶಿವಣ್ಣನೂ ಬಂದು ನನ್ನ ಜೊತೆ ಅದನ್ನೇ ನೋಡುತ್ತ ನಿಂತ. ಇಬ್ಬರಿಗೂ ಸೀಮೆಬದನೆಯಲ್ಲಿ ಅಷ್ಟೊಂದು ಆಸಕ್ತಿ ಯಾವತ್ತೂ ಇರಲಿಲ್ಲ.

ಕ್ಲಾಸಿಗೂ ಮರಳಿದಳು. ಪ್ರಿನ್ಸಿಪಾಲರು ಹೇಳಿದ ಹಾಗೆಯೇ ಮಕ್ಕಳು ಮೊದಲ ದಿನ ನಕ್ಕರು. ಅವಳು ಯಂತ್ರದಿಂದ, “ನಕ್ಕು ಮುಗಿಸಿ, ಕಾಯುತ್ತೇನೆ,” ಎಂದು ಹೇಳಿಸಿ ಮೇಜಿಗೆ ಒರಗಿ ನಿಂತಳಂತೆ. ನಗು ತಾನಾಗಿ ಆರಿತು. ಪದ್ಯ ಓದುವುದು ಆ ಯಂತ್ರಕ್ಕೆ ಸಾಧ್ಯವಿರಲಿಲ್ಲ, ಎಲ್ಲ ಸಾಲನ್ನೂ ಬಸ್ಸಿನ ವೇಳಾಪಟ್ಟಿಯ ಹಾಗೆ ಓದುತ್ತಿತ್ತು. ಹಾಗಾಗಿ ಪದ್ಯವನ್ನು ಮಕ್ಕಳೇ ಓದಬೇಕಾಯಿತು. ಅವಳು ಕೈಯಾಡಿಸಿ ಲಯ ತೋರಿಸುವುದು, ಅವರು ಹಾಡುವುದು. ಯಾವತ್ತೂ ಬಾಯಿ ಬಿಡದ ಹುಡುಗಿಯರು ಆ ವರ್ಷ ಎದ್ದು ನಿಂತು ಓದಿದರು.

ಹಾಜರಿಯದೇ ದೊಡ್ಡ ಕಥೆ. ನಮ್ಮ ಊರಿನ ತರಗತಿಯಲ್ಲಿ ಎಷ್ಟು ಬಗೆಯ ಹೆಸರುಗಳು! ಕೊಡವರ ಮನೆಹೆಸರು, ಮಲಯಾಳಿ ಹೆಸರು, ಉರ್ದು ಹೆಸರು, ತಮಿಳು, ತುಳು. ಯಂತ್ರ ಎಲ್ಲವನ್ನೂ ತಿರುಚುತ್ತಿತ್ತು. ಮಕ್ಕಳು ಸಂಜೆ ಲ್ಯಾಬಿನ ಬಾಗಿಲಿಗೆ ಬಂದು, “ಮೇಡಂ, ನನ್ನ ಹೆಸರು ಸರಿ ಮಾಡ್ಕೊಡಿ,” ಎಂದು ನಿಲ್ಲುತ್ತಿದ್ದರು. ಫರ್ಹಾನಾ ಎಂಬ ಹುಡುಗಿ ತನ್ನ ಹೆಸರನ್ನು ನನ್ನ ಎದುರು ಮತ್ತೆ ಮತ್ತೆ ಹೇಳಿ, ಯಂತ್ರ ಸರಿಯಾಗಿ ಹೇಳುವ ತನಕ ಬಿಡಲಿಲ್ಲ. ಕೊನೆಗೆ, “ಹಾಂ, ನಮ್ಮ ಉಮ್ಮ ಕರೆಯೋದೂ ಹೀಗೇ,” ಎಂದು ಕುಣಿಯುತ್ತ ಹೋದಳು. ಪ್ರತಿ ಹೆಸರಿಗೂ ಪದಕೋಶದಲ್ಲಿ ಒಂದು ಸಾಲು ಸೇರಿಸಿ ಮತ್ತೆ ಕಂಪೈಲ್ ಮಾಡಬೇಕು. ಇಡೀ ಕಾಲೇಜಿನ ಮಕ್ಕಳ ಹೆಸರು ನನಗೆ ಬಾಯಿಪಾಠವಾದದ್ದು ಹಾಗೆ.

ಅಕಾರದ ತಿದ್ದುಪಡಿಯನ್ನು ಆ ಪ್ರೋಗ್ರಾಮನ್ನು ನೋಡಿಕೊಳ್ಳುವವರಿಗೆ ಕಳಿಸಿದೆ. ಅವರು ಬೇರೆ ಯಾವುದೋ ದೇಶದವರು, ಕನ್ನಡ ಬಾರದವರು. ಉದಾಹರಣೆಗಳನ್ನು ಕೇಳಿದರು. ಜಯಲಕ್ಷ್ಮಿ ಪದಗಳನ್ನು ಆರಿಸಿ ಅರ್ಥದ ಸಮೇತ ಬರೆದುಕೊಟ್ಟಳು. ತಿದ್ದುಪಡಿ ಮೂಲಕ್ಕೆ ಸೇರಿತು. ಕೆಲವು ತಿಂಗಳ ಮೇಲೆ ಕಲಬುರಗಿಯ ಕಡೆಯ ಕಣ್ಣು ಕಾಣದ ಒಬ್ಬ ಯುವಕನಿಂದ ಮಿಂಚಂಚೆ ಬಂತು: “ಈಗ ಪದ ಪೂರ್ತಿ ಕೇಳ್ತದರಿ. ಪಾಠ ಓದಾಕ ಚಲೋ ಆಗೇದ.” ಪೂವಯ್ಯ ಸರ್ ನಿವೃತ್ತರಾಗಿ ಅಮ್ಮತ್ತಿಗೆ ಹೋಗಿದ್ದರು. ಅವರಿಗೆ ಫೋನ್ ಮಾಡಿ ಓದಿ ಹೇಳಿದೆ. “ಏನೂ ಇಲ್ಲದವರ ಮನೇಲಿ ಓಡಿತು ಅನ್ನು,” ಎಂದರು.

ಆಮೇಲೆ ಕೆಲಸದ ರೀತಿ ಬದಲಾಯಿತು. ಸಿ.ಡಿ. ಹೋಯಿತು. ಬೇಕಾದ ಫೈಲುಗಳನ್ನು ಒಂದೊಂದಾಗಿ ಹುಡುಕಿ ತರುವ ಕಾಲ ಮುಗಿದು, ಒಂದು ಆಜ್ಞೆ ಕೊಟ್ಟರೆ ಕಂಪೈಲರ್ ಸಮೇತ ಎಲ್ಲವೂ ಇಳಿದು ಬರುವ ಕಾಲ ಬಂತು. ಈಗಂತೂ ನಮ್ಮ ಮೆಷೀನೇ ಬೇಡ, ಮೂಲವನ್ನು ಕಳಿಸಿದರೆ ದೂರದ ಯಾವುದೋ ಕಂಪ್ಯೂಟರು ಕಟ್ಟಿ ವಾಪಸು ಕೊಡುತ್ತದೆ. ದನಿಗಳೂ ಬದಲಾದವು. ಉಸಿರು ತೆಗೆದುಕೊಂಡು, ತಗ್ಗಿಸಿ ಏರಿಸಿ, ಥೇಟ್ ಮನುಷ್ಯರ ಹಾಗೆ ಮಾತಾಡುವ ಕನ್ನಡ ದನಿಗಳು ಸುಲಭವಾಗಿ ಸಿಗತೊಡಗಿದವು. ಹೊಸ ಹುಡುಗಿ ಕೇಳಿದ ಪ್ರಶ್ನೆ ಸುಳ್ಳಲ್ಲ.

ನಾನು ನಿವೃತ್ತಳಾದ ಮೇಲೆ ಜಯಲಕ್ಷ್ಮಿಯ ಹಳೆಯ ಲ್ಯಾಪ್‌ಟಾಪು ಒಂದು ದಿನ ಸತ್ತುಹೋಯಿತು. ಹೊಸದು ತಂದಳು, ಅದಕ್ಕೆ ಹೊಸ ದನಿ ಹಾಕಿಕೊಂಡಳು. ನನಗೂ ಕೇಳಿಸಿದಳು. ಎಷ್ಟು ಚಂದ! ತನ್ನ ಹಳೆಯ ಕಂಠಕ್ಕೆ ಹತ್ತಿರವಿದೆ ಎಂದು ಅವಳಿಗೆ ಸಂತೋಷವೋ ಸಂತೋಷ. ಕ್ಲಾಸಿನಲ್ಲಿ ಪದ್ಯವನ್ನೂ ಅದರಿಂದಲೇ ಓದಿಸಿದಳು.

ಆ ಹೊತ್ತಿಗೆ ನಿಂಗಮ್ಮ ಹಾಸಿಗೆ ಹಿಡಿದಿದ್ದರು. ಕಣ್ಣು ಮಂಜು, ನೆನಪು ಬಂದು ಹೋಗಿ ಮಾಡುತ್ತಿತ್ತು. ಜಯಲಕ್ಷ್ಮಿ ರಜೆ ಹಾಕಿ ಅವ್ವನ ಬಳಿಯೇ ಇದ್ದಳು. ಒಂದು ದಿನ ಅವಳಿಂದ ಸಂದೇಶ ಬಂತು: “ಅಕ್ಕ, ಅವ್ವನಿಗೆ ನಾನು ಗೊತ್ತಾಗುತ್ತಿಲ್ಲ. ಹೊಸ ದನಿ ಕೇಳಿದರೆ ‘ಯಾವೂರವ್ವಾ ನಿಂದು? ನಮ್ ಜಯಿ ಬರ್ಲಿಲ್ವಾ?’ ಎನ್ನುತ್ತಾಳೆ. ಪಕ್ಕದಲ್ಲೇ ಕೂತಿದ್ದೇನೆ. ನನಗೆ ಹಳೆಯ ಗಂಟಲು ಬೇಕು.”

ಹಳೆಯದು ಆ ಸತ್ತ ಲ್ಯಾಪ್‌ಟಾಪಿನ ಜೊತೆ ಹೋಗಿತ್ತು. ಲ್ಯಾಬಿನ ಮೂಲೆ ಮೆಷೀನೂ ನನ್ನ ಮನೆಯ ಹಳೆಯ ಕಂಪ್ಯೂಟರೂ ಎಂದೋ ಗುಜರಿ ಸೇರಿದ್ದವು. ಆ ಪ್ರೋಗ್ರಾಮಿನ ಹೊಸ ಆವೃತ್ತಿ ರೆಡಿಯಾಗಿ ಸಿಗುತ್ತಿತ್ತು, ಆದರೆ ಅದರಲ್ಲಿ ದನಿಯನ್ನು ತಿದ್ದಿ ನಯ ಮಾಡಿದ್ದರು. ಆ ಒರಟು ದನಿ ಬೇಕೆಂದರೆ ಹಳೆಯ ಮೂಲವನ್ನೇ ತಂದು ಕಟ್ಟಬೇಕು. ಓಪನ್ ಸೋರ್ಸ್‌ನವರ ಒಂದು ಗುಣವೆಂದರೆ ಹಳೆಯದನ್ನು ಎಸೆಯುವುದಿಲ್ಲ. ಪ್ರತಿ ಬದಲಾವಣೆಯ ಹಿಂದಿನ ರೂಪವೂ ಅಲ್ಲಿ ಇರುತ್ತದೆ. ನಾವಿಬ್ಬರು ತಿದ್ದಿದ ಆ ನಿಯಮವೂ ಹಾಗೆಯೇ ಇತ್ತು.

ಮನೆಯ ಕಂಪ್ಯೂಟರಿಗೆ ಹೊಸ ಕಂಪೈಲರನ್ನು ಇಳಿಸಿಕೊಂಡು ಶುರು ಮಾಡಿದೆ. ಹಿಂದೆ ಕಂಪೈಲರ್ ಗೊಣಗಿ ಸುಮ್ಮನಾಗುತ್ತಿದ್ದ ಎಷ್ಟೋ ತಪ್ಪುಗಳಿಗೆ ಈಗಿನದು ನಿಂತೇ ಬಿಡುತ್ತದೆ, ಮುಂದೆ ಹೋಗುವುದಿಲ್ಲ. ತೆರೆ ತುಂಬ ದೋಷಗಳು. ಮೇಲಿಂದ ಓದುತ್ತ ಬಂದೆ. ಒಂದೊಂದನ್ನೇ ಸರಿಪಡಿಸಿದೆ. ನನ್ನ ಕಣ್ಣಿಗೂ ಈಗ ಮೊದಲಿನ ಬಲವಿಲ್ಲ, ಗಂಡ ಪಕ್ಕದಲ್ಲಿ ಕೂತು ಸಾಲಿನ ಸಂಖ್ಯೆ ಓದಿ ಹೇಳಿದರು. ಕಟ್ಟಿ ಮುಗಿದ ಮೇಲೆ ನಮ್ಮ ಪಕ್ಕದ ಮನೆಯವರ ಲ್ಯಾಪ್‌ಟಾಪಿಗೆ ಹಾಕಿ ಓಡಿಸಿ ನೋಡಿದೆ. ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ನಾನು ತಲುಪುವಾಗ ಹೊತ್ತು ನೆತ್ತಿಗೆ ಬಂದಿತ್ತು. ನಿಂಗಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಜಯಲಕ್ಷ್ಮಿ ಮಂಚದ ಪಕ್ಕದ ಸ್ಟೂಲಿನ ಮೇಲೆ. ಅವಳ ಕಣ್ಣಿನ ಸುತ್ತ ಕಪ್ಪು. ನಾನು ಅವಳ ಲ್ಯಾಪ್‌ಟಾಪು ತೆಗೆದುಕೊಂಡು ಪ್ರೋಗ್ರಾಮು ಹಾಕಿ ಅವಳ ತೊಡೆಯ ಮೇಲಿಟ್ಟೆ.

ಅವಳು ಟೈಪ್ ಮಾಡಿದಳು. “ಅವ್ವಾ.”

ಅದೇ ಒರಟು ದನಿ, ತಗಡು ಬಡಿದ ಹಾಗೆ. ನಿಂಗಮ್ಮ ಮಲಗಿದಲ್ಲೇ ತಲೆ ಹೊರಳಿಸಿದರು. ಕೈ ಚಾಚಿ ಗಾಳಿಯಲ್ಲಿ ಹುಡುಕಿದರು. ಜಯಲಕ್ಷ್ಮಿ ಆ ಕೈ ಹಿಡಿದುಕೊಂಡಳು.

“ಬಂದ್ಯಾ ಮಗಾ? ಎಲ್ಲೋಗಿದ್ದೆ ಇಷ್ಟ್ ದಿನ?”

ಅವಳ ಒಂದು ಕೈ ಅವ್ವನ ಹಿಡಿತದಲ್ಲಿತ್ತು. ಇನ್ನೊಂದು ಕೈಯ ಒಂದೇ ಬೆರಳಿನಿಂದ ನಿಧಾನವಾಗಿ ಅಕ್ಷರ ಹುಡುಕಿ ಒತ್ತಿದಳು. ಯಂತ್ರ ಹೇಳಿತು: “ಇಲ್ಲೇ ಇದ್ನಲ್ಲವ್ವಾ.”

“ಹೂಂ,” ಎಂದರು ನಿಂಗಮ್ಮ. “ಯಾರೋ ಬಂದು ಕುಂತಿದ್ರು ಇಲ್ಲಿ. ಒಳ್ಳೆ ಹುಡ್ಗಿ. ಚೆಂದಾಗ್ ಮಾತಾಡೋಳು. ನೀನ್ ಬಂದಿದ್ರೆ ತೋರಿಸ್ತಿದ್ದೆ.” ಸ್ವಲ್ಪ ಉಸಿರು ತೆಗೆದುಕೊಂಡು, “ಉಂಡ್ಯಾ?” ಎಂದು ಕೇಳಿದರು.

ಜಯಲಕ್ಷ್ಮಿ ಇನ್ನೂ ಉಂಡಿರಲಿಲ್ಲ. ಅವಳು ‘ಹೂಂ’ ಎಂದು ಟೈಪ್ ಮಾಡಿದಳು.

“ಸುಳ್ಳು,” ಎಂದರು ಅವ್ವ.